ಕಜ್ಜಾಯಕ್ಕೆ ಮೂರು ಮನೆ

ಪುಣೆ, ಭಾನುವಾರ, 26 ಅಕ್ಟೋಬರ್ 2025

ಇವತ್ತಿನ ಪದಬಂಧದ ಮೊದಲ ಸುಳಿವೇ ‘ಹಬ್ಬದ ಸಿಹಿತಿಂಡಿ’, ಮೂರು ಮನೆ. ಇಷ್ಟೇ ಹೇಳಿದರೆ ಬಿಡಿಸುವವರು ಏನೆಂದು ತುಂಬಬೇಕು? ಹೋಳಿಗೆ, ಒಬ್ಬಟ್ಟು, ಚಿರೋಟಿ, ಜಿಲೇಬಿ, ಅತ್ರಾಸ, ಕಜ್ಜಾಯ ಎಲ್ಲಕ್ಕೂ ಮೂರೇ ಅಕ್ಷರ. ನಮ್ಮ ಪದಬಂಧದಲ್ಲಿ ಒತ್ತಕ್ಷರಕ್ಕೂ ಒಂದೇ ಮನೆಯಾದ್ದರಿಂದ ಒಬ್ಬಟ್ಟಿನ ‘ಬ್ಬ’, ‘ಟ್ಟು’ ಕೂಡ ಆರಾಮಾಗಿ ಕೂರುತ್ತವೆ.

ಗಂಟು ಬಿಚ್ಚಿದ್ದು ಅದರ ಮೊದಲ ಮನೆಯಿಂದ ಕೆಳಗಿಳಿಯುವ ಸುಳಿವು: ‘ಹುಳಿ ಕುದಿಸುವ ಮೊದಲು ಹಿತ್ತಾಳೆ ಪಾತ್ರೆಗೆ ಬೇಕು’. ಎಂಥ ಚೆಂದದ ಸುಳಿವು! ಕಲಾಯಿ, ಅಂದರೆ ಪಾತ್ರೆಯ ಒಳಮೈಗೆ ಹಾಕುವ ತವರದ ಲೇಪ. ಬರೆದವರು ಆ ಕೆಲಸವನ್ನು ಹತ್ತಿರದಿಂದ ನೋಡಿರಲೇಬೇಕು. ಕಸಬಾ ಪೇಠೆಯಲ್ಲಿರುವ ತಾಮ್ರದ ಕೆಲಸಗಾರರ ಓಣಿ ತಾಂಬಟ್ ಆಳಿಗೆ ಅಜ್ಜಿಯ ಪಾತ್ರೆ ಒಯ್ದಾಗ ನಾನೂ ನಿಂತು ನೋಡಿದ್ದೇನೆ. ಕಾದ ಪಾತ್ರೆಯೊಳಗೆ ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಎರಚಿದ ಕೂಡಲೇ ಮೂಗಿಗೆ ಅಡರುವ ಬಿಳಿ ಹೊಗೆ ಏಳುತ್ತದೆ. ಲೋಹದ ಕಿಲುಬು ಬಿಡುವುದು ಆಗಲೇ. ಅದು ಬಿಡದಿದ್ದರೆ ತವರ ಹಿಡಿಯುವುದಿಲ್ಲ. ಆಮೇಲೆ ತವರದ ತುಂಡು ಉಜ್ಜಿ, ಹತ್ತಿಯಿಂದ ಸರಸರನೆ ಒರೆಸಿದರೆ ಒಳಮೈಯೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮೊಸರು, ಹುಣಸೆ ಹಿತ್ತಾಳೆಗೆ ತಾಗಿ ಕಿಲುಬೆದ್ದು ಕೆಡದಿರಲು ಇಷ್ಟೆಲ್ಲ.

‘ಕ’ ಸಿಕ್ಕಿತು, ಕಜ್ಜಾಯ ಬಂತು. ಸಣ್ಣದಾಗಿ ಕಾಣುವ ಈ ‘ಕ’ ನಮ್ಮಲ್ಲಿ ಬಹಳ ಬಿಗಿ. ‘ಕಾ’ ಆಗಿದ್ದರೆ ಆಗುತ್ತಿರಲಿಲ್ಲ. ಕಜ್ಜಾಯದ ಕೊನೆಯ ‘ಯ’ದಿಂದ ಯಾಲಕ್ಕಿಯನ್ನು ಇಳಿಸಲಾಗದು, ಕಾಗುಣಿತ ಒಪ್ಪುವುದಿಲ್ಲ. ಆದ್ದರಿಂದ ಪದಬಂಧ ಹೆಣೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ‘ಸಿಹಿತಿಂಡಿ’ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ.

ಇಲ್ಲಿಯ ಅನಾರಸೆ ನಮ್ಮ ಕಜ್ಜಾಯದ ತಂಗಿಯೇ. ಪಕ್ಕದ ಮನೆಯವರು ದೀಪಾವಳಿಯ ಫರಾಳದಲ್ಲಿ, ಅಂದರೆ ಹಬ್ಬದ ತಿಂಡಿಗಳ ಜೊತೆ, ಕಳಿಸಿದ್ದು ಡಬ್ಬಿಯಲ್ಲಿ ಇನ್ನೂ ಉಳಿದಿದೆ. ಅಕ್ಕಿಯನ್ನು ಮೂರು ದಿನ ದಿನವೂ ನೀರು ಬದಲಿಸುತ್ತ ನೆನೆಸಿ, ನೆರಳಲ್ಲಿ ಆರಿಸಿ, ಪಸೆಯಿರುವಾಗಲೇ ಪುಡಿಮಾಡಿ ಬೆಲ್ಲ ಬೆರೆಸಿಡಬೇಕು. ಗಸಗಸೆಯ ಮೇಲೆ ತಟ್ಟಿ, ಗಸಗಸೆ ಮೇಲೆ ಬರುವಂತೆ ತುಪ್ಪಕ್ಕೆ ಬಿಡುತ್ತಾರೆ. ಮಗುಚುವುದಿಲ್ಲ, ಬಿಸಿ ತುಪ್ಪವನ್ನು ಮೇಲೆ ಚಿಮುಕಿಸುತ್ತಾರೆ. ಮೈತುಂಬ ಜಾಳಿಗೆ ಏಳಬೇಕು. ಇದರಲ್ಲಿ ಯಾವ ಹೆಜ್ಜೆ ಹಿಡಿದರೂ ಒಳ್ಳೆಯ ಸುಳಿವಾಗುತ್ತದೆ.

ರಾಜ್ಯೋತ್ಸವಕ್ಕೆ ನಮ್ಮ ಸೊಸೈಟಿಯ ಕನ್ನಡಿಗರಿಗೆ ಪದಬಂಧ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರ್ಪೂರಕ್ಕೆ ‘ಪೂಜಾ ವಸ್ತು’ ಎಂದು ಬರೆಯಲಾರೆ. ‘ನೀರಾಗದೆ, ಬೂದಿಯಾಗದೆ, ತೆರೆದಿಟ್ಟಲ್ಲೇ ಸವೆಯುವುದು’ ಎಂದು ಬರೆದಿದ್ದೇನೆ. ಶ್ರೀಖಂಡಕ್ಕೆ ‘ರಾತ್ರಿಯಿಡೀ ಬಟ್ಟೆಯಲ್ಲಿ ತೂಗಿದ ಮೊಸರು ಬೆಳಿಗ್ಗೆ ಸಕ್ಕರೆ ಕೂಡಿದರೆ’. ಸುಟ್ಟ ಸುಣ್ಣದ ಕಲ್ಲಿಗೆ ‘ನೀರು ಸುರಿದರೆ ಒಲೆಯಿಲ್ಲದೆ ಕುದಿಯುವುದು’. ನವಸಾಗರದ ಐದು ಮನೆಗೆ ಮಾತ್ರ ಇನ್ನೂ ಜಾಗ ಹುಡುಕುತ್ತಿದ್ದೇನೆ, ಶನಿವಾರದೊಳಗೆ ಕೂರಿಸಬೇಕು.