ಗುಲಾಬಿ, ಬೆಳ್ಳಿ, ಆಮೇಲೆ ಹಳದಿ: ನನ್ನ ಪೀಟನ್‌ಪೋಲ್‌ಗೆ ಬಣ್ಣ ಹಚ್ಚಿದ ಬೇಸಿಗೆ

ಮೇ 4

ಇಸ್ತ್ರಿ ಪೆಟ್ಟಿಗೆಯ ಡಯಲ್ ನಂಬಬೇಡಿ. ಇವತ್ತು ಮೂರು ಗಂಟೆ ಹೋಗಿದ್ದು ಇದಕ್ಕೇ. ಹೊಸ ಪೆಟ್ಟಿಗೆ. ಒಂದೇ ಗುರುತಿನಲ್ಲಿಟ್ಟು ಥರ್ಮಾಮೀಟರ್ ಹಿಡಿದರೆ ಒಂದು ಸಲ 340 ಡಿಗ್ರಿ ಫ್ಯಾರನ್‌ಹೀಟ್, ಐದು ನಿಮಿಷ ಬಿಟ್ಟು ನೋಡಿದರೆ 390. ಷರಟಿಗೆ ಇದು ಲೆಕ್ಕಕ್ಕಿಲ್ಲ. ನಾನು ಕಟ್ಟುತ್ತಿರುವ ವಿಮಾನದ ಬಟ್ಟೆಯನ್ನು ಇಸ್ತ್ರಿ ಶಾಖದಲ್ಲೇ ಬಿಗಿ ಮಾಡಬೇಕು, ಅದಕ್ಕೆ ಇದೇ ಲೆಕ್ಕ. ಅದನ್ನು ವಾಪಸ್ ಮಾಡಿ ಇನ್ನೊಂದು ತಂದೆ. 250, 300, 350 ಎಂದು ಮೂರು ಗೆರೆ ಹಾಕಿಕೊಂಡೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಕಟ್ಟುತ್ತಿರುವುದು ಪೀಟನ್‌ಪೋಲ್ ಏರ್ ಕ್ಯಾಂಪರ್. ಮರದ ಮೈ, ತಲೆಯ ಮೇಲೊಂದು ರೆಕ್ಕೆ, ಹಿಂದೆ ಮುಂದೆ ಎರಡು ತೆರೆದ ಸೀಟು. ಮಿನೆಸೋಟದ ಚೆರಿ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬುವರು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ 1929ರಲ್ಲಿ ಇದನ್ನು ಹಾರಿಸಿದರು. ನಾನಿರುವ ರಾಚೆಸ್ಟರ್‌ನಿಂದ ಆ ಊರು ಒಂದು ಗಂಟೆಯ ದಾರಿಯೂ ಅಲ್ಲ. ನನ್ನದರಲ್ಲಿ ಕಾಂಟಿನೆಂಟಲ್ ಎ-65 ಎಂಜಿನ್ ಇದೆ. ಮರದ ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು. ಈಗ ಬಟ್ಟೆ, ಬಣ್ಣ.

ಬಟ್ಟೆ ಅಂದರೆ ಪಾಲಿಯೆಸ್ಟರ್. ಚದರ ಗಜಕ್ಕೆ 2.7 ಔನ್ಸ್ ತೂಗುವಂಥದ್ದು. ಮೇಲಿನ ಲೇಪಗಳೆಲ್ಲ ಪಾಲಿ-ಫೈಬರ್ ಪದ್ಧತಿಯವು. ಕ್ಯಾಲಿಫೋರ್ನಿಯಾದ ರೇ ಸ್ಟಿಟ್ಸ್ ಅದನ್ನು ರೂಪಿಸಿದವರು.

ಮೇ 11

ಎಡ ರೆಕ್ಕೆಗೆ ಬಟ್ಟೆ ಹೊದಿಸಿದೆವು. ಮೊದಲು ಕೆಳಗಿನದು, ಆಮೇಲೆ ಮೇಲಿನದು. ಅಂಟು ತಾಗುವ ಮರಕ್ಕೆಲ್ಲ ಚಳಿಗಾಲದಲ್ಲೇ ಎಪಾಕ್ಸಿ ವಾರ್ನಿಷ್ ಹೊಡೆದಿದ್ದೆ. ಸಾದಾ ವಾರ್ನಿಷ್ ಆಗಿದ್ದರೆ ಅಂಟಿನಲ್ಲಿರುವ ಎಂಇಕೆ ದ್ರಾವಕ ಅದನ್ನು ಎಬ್ಬಿಸಿಬಿಡುತ್ತದೆ.

ಹೊದಿಸಿದಾಗ ಬಟ್ಟೆ ಒಣಗಲು ಹಾಕಿದ ಪಂಚೆಯ ಹಾಗೆ ಜೋಲಾಡುತ್ತಿತ್ತು. 250ರಲ್ಲಿ ಒಂದು ಸಲ ಇಸ್ತ್ರಿ ಆಡಿಸಿದ ಮೇಲೆ ಸುಕ್ಕು ಹೋಯಿತು. 300ರಲ್ಲಿ ಬಿಗಿಯಾಯಿತು. 350ಕ್ಕೆ ಬಂದಾಗ ಬೆರಳಲ್ಲಿ ತಟ್ಟಿದರೆ ಢಂ ಅಂತು. ನಮ್ಮೂರ ಜಾತ್ರೆಯಲ್ಲಿ ತಮಟೆಯವರು ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಿದ್ದರಲ್ಲ, ಅದೇ ಕಣ್ಮುಂದೆ ಬಂತು. ಆದರೆ ತಮಟೆ ಸಡಿಲವಾದರೆ ಮತ್ತೆ ಕಾಯಿಸಬಹುದು. ಇಲ್ಲಿ 350 ದಾಟಿಸಿದರೆ ಬಟ್ಟೆ ತಿರುಗಿ ಸಡಿಲವಾಗುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಬಿಗಿ ಬರುವುದಿಲ್ಲ. ಕಿತ್ತು ಹೊಸದು ಹಾಕಬೇಕು, ಅಷ್ಟೇ.

ಮೇ 26

ಹೊಲಿಗೆ. ಹಾರುವಾಗ ರೆಕ್ಕೆಯ ಮೇಲ್ಭಾಗದ ಬಟ್ಟೆಯನ್ನು ಗಾಳಿ ಮೇಲಕ್ಕೆ ಹೀರುತ್ತದೆ. ಬರೀ ಅಂಟನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ರೆಕ್ಕೆಯ ಪಕ್ಕೆಲುಬಿನಂತಿರುವ ಪ್ರತಿ ರಿಬ್‌ಗೂ ಬಟ್ಟೆಯನ್ನು ಮೇಣ ಸವರಿದ ದಾರದಿಂದ ಹೊಲಿದು ಕಟ್ಟಬೇಕು. ರೆಕ್ಕೆಯನ್ನು ಅಡ್ಡ ನಿಲ್ಲಿಸಿ ಒಂದು ಕಡೆ ನಾನು, ಇನ್ನೊಂದು ಕಡೆ ಮಗಳು. ಮೂಟೆ ಹೊಲಿಯುವ ದಬ್ಬಳಕ್ಕಿಂತ ಉದ್ದದ ಸೂಜಿ. ನಾನು ಚುಚ್ಚುತ್ತೇನೆ, ಅವಳು ಎಳೆದು ರಿಬ್‌ನ ಆ ಪಕ್ಕದಿಂದ ವಾಪಸ್ ಚುಚ್ಚುತ್ತಾಳೆ. ಪ್ರೊಪೆಲ್ಲರ್ ಗಾಳಿ ಹೊಡೆಯುವ ಜಾಗದಲ್ಲಿ 2.5 ಇಂಚಿಗೊಂದು ಗಂಟು, ಹೊರಗಡೆ 3 ಇಂಚಿಗೊಂದು. ಸಂಜೆ ಹೊತ್ತಿಗೆ ಅವಳ ಗಂಟು ನನ್ನದಕ್ಕಿಂತ ಚೆನ್ನಾಗಿ ಬರುತ್ತಿತ್ತು. ನಿಜವಾಗಿಯೂ ಖುಷಿಯಾಯಿತು.

ಊರಿಂದ ಅಮ್ಮನ ಫೋನು. "ಬಣ್ಣ ಆಯ್ತೇನಪ್ಪಾ?" ಇನ್ನೂ ಇಲ್ಲಮ್ಮ ಎಂದೆ.

ಜೂನ್ 8

ಮೊದಲ ಲೇಪ, ಪಾಲಿ-ಬ್ರಷ್. ಗುಲಾಬಿ ಬಣ್ಣದ್ದು. ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಅಂತ ಕಣ್ಣಿಗೆ ಕಾಣಲಿ ಎಂದೇ ಈ ಬಣ್ಣ. ಮೊದಲ ಸಲ ಇದನ್ನು ಸ್ಪ್ರೇ ಮಾಡುವಂತಿಲ್ಲ, ಬ್ರಷ್ಷಿನಲ್ಲೇ ಹಚ್ಚಬೇಕು. ಲೇಪ ನೇಯ್ಗೆಯೊಳಗೆ ಇಳಿದು ಎಳೆಗಳನ್ನು ಸುತ್ತಿ ಹಿಡಿಯಬೇಕು. ಮೇಲಿನದೆಲ್ಲ ನಿಲ್ಲುವುದು ಇದರ ಹಿಡಿತದ ಮೇಲೆ.

ಹೇಳುವುದು ಸುಲಭ. ಬ್ರಷ್ ಒಣಗಿದ್ದರೆ ಪಿನ್ ಚುಚ್ಚಿದಂಥ ತೂತುಗಳು ಉಳಿಯುತ್ತವೆ. ಬ್ರಷ್ ತುಂಬಾ ತೊಯ್ದಿದ್ದರೆ ಬಟ್ಟೆ ದಾಟಿ ಹನಿ ಒಳಗೆ ಬೀಳುತ್ತದೆ, ಕೆಳಗಿನ ಬಟ್ಟೆಯ ಒಳಮೈ ಮೇಲೆ ಕಲೆಯಾಗಿ ಕೂರುತ್ತದೆ. ಬಳಿದ ಜಾಗದಲ್ಲೇ ಮತ್ತೆ ಮತ್ತೆ ಬ್ರಷ್ ಆಡಿಸಿದರೆ ದಾರದ ಹಾಗೆ ಎಳೆ ಬರುತ್ತದೆ. ಮೊದಲ ಎರಡು ಅಡಿ ಚೆನ್ನಾಗಿ ಬರಲಿಲ್ಲ. ಮನೆಯಲ್ಲಿ ವಿಮಾನ ಕಟ್ಟುವವರ ಸಂಘವಾದ ಇಎಎಯ ನಮ್ಮೂರ ಚಾಪ್ಟರಿನ ಹಿರಿಯರೊಬ್ಬರು ಬಂದು ನಿಂತು ನೋಡಿದರು. ಬ್ರಷ್ ತೆಗೆದುಕೊಂಡು, ಒಂದೇ ದಿಕ್ಕಿಗೆ, ಒಂದೇ ಸಲ ಎಳೆದು ತೋರಿಸಿದರು. ಮಾತೇ ಆಡಲಿಲ್ಲ. ಆಮೇಲೆ ನನ್ನ ಕೈಗೂ ಬಂತು.

ಇದರ ಮೇಲೆ ಗರಗಸದ ಹಲ್ಲಿನಂಥ ಅಂಚಿರುವ ಬಟ್ಟೆಯ ಪಟ್ಟಿಗಳನ್ನು ಹೊಲಿಗೆಗಳ ಮೇಲೆ, ಅಂಚುಗಳ ಮೇಲೆ ಕೂರಿಸಿದೆ. ನೀರು ಹರಿದುಹೋಗುವ ತೂತುಗಳಿಗೆ ಸಣ್ಣ ಬಳೆಯಂಥ ಗ್ರಾಮೆಟ್, ಒಳಗೆ ನೋಡಲು ತೆರೆಯುವ ಕಡೆ ಪ್ಲಾಸ್ಟಿಕ್ ರಿಂಗ್. ಬಿಸಿಲಿರುವ ಎರಡು ದಿನ ಪೂರ್ತಿ ಬೇಕಾಯಿತು. ಆಮೇಲೆ ಅದೇ ಗುಲಾಬಿಯನ್ನು ಎರಡು ಸಲ ಸ್ಪ್ರೇ.

ವಾಸನೆಯ ಬಗ್ಗೆ ಒಂದು ಮಾತು. ಎಂಇಕೆ ಆವಿ ಗಾಳಿಗಿಂತ ಭಾರ. ನೆಲದಲ್ಲೇ ತೆವಳಿಕೊಂಡು ಹೋಗುತ್ತದೆ. ಗ್ಯಾರೇಜಿನ ಮೂಲೆಯ ಗ್ಯಾಸ್ ಗೀಸರಿನ ಸಣ್ಣ ಉರಿ ಅದು ಹೊತ್ತಿಕೊಳ್ಳಲು ಸಾಕು. ಕೆಲಸದ ದಿನಗಳಲ್ಲಿ ನಾವು ಗೀಸರಿನ ಗ್ಯಾಸ್ ಮುಚ್ಚಿ, ಆರಿಸಿಯೇ ಇಟ್ಟಿದ್ದೆವು. ಮನೆಯವರೆಲ್ಲ ತಣ್ಣೀರು ಸ್ನಾನ ಮಾಡಿದರು, ಒಬ್ಬರೂ ಗೊಣಗಲಿಲ್ಲ. ಮುಖಕ್ಕೆ ಇದ್ದಿಲು ಫಿಲ್ಟರಿನ ಮಾಸ್ಕ್, ಕೈಗೆ ಗ್ಲೌಸ್, ಬಾಗಿಲಲ್ಲಿ ಫ್ಯಾನ್. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ರೆಕ್ಕೆಗೆ ಡೋಪ್ ಎಂಬ ಬಟ್ಟೆ ಬಿಗಿಸುವ ಲೇಪ ಬಳಿಯುತ್ತಿದ್ದ ಹೆಣ್ಣುಮಕ್ಕಳು ಅದರಲ್ಲಿದ್ದ ಟೆಟ್ರಾಕ್ಲೋರೋಈಥೇನ್‌ನಿಂದ ಕಾಮಾಲೆ ಬಂದು ನರಳಿದರು, ಕೆಲವರು ಸತ್ತರು. ಮಾಸ್ಕ್ ಕಟ್ಟಿಕೊಳ್ಳುವಾಗ ಅವರ ನೆನಪಾಗುತ್ತದೆ.

ಜೂನ್ 22

ಬೆಳ್ಳಿ. ಪಾಲಿ-ಸ್ಪ್ರೇ. ಈ ಪೂರ್ತಿ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಕೊನೆಗೆ ಇದು ಯಾರ ಕಣ್ಣಿಗೂ ಕಾಣುವುದಿಲ್ಲ.

ಪಾಲಿಯೆಸ್ಟರ್‌ಗೆ ನೀರು, ಬೂಷ್ಟು ಏನೂ ಮಾಡಲಾರವು. ಅದಕ್ಕೆ ಇರುವ ಶತ್ರು ಬಿಸಿಲು. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಎಳೆ ಒಳಗೊಳಗೇ ಬಲ ಕಳೆದುಕೊಳ್ಳುತ್ತದೆ. ಪಾಲಿ-ಸ್ಪ್ರೇಯಲ್ಲಿರುವ ಅಲ್ಯೂಮಿನಿಯಂ ಚೂರುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮಲಗಿ ಬೆಳಕನ್ನು ತಡೆಯುತ್ತವೆ. ಮೇಲಿನ ಹಳದಿಯೋ ಕೆಂಪೋ ನೋಟಕ್ಕೆ. ಬಟ್ಟೆಯ ಆಯಸ್ಸು ಇರುವುದು ಈ ಬೆಳ್ಳಿಯಲ್ಲಿ.

ಅಲ್ಯೂಮಿನಿಯಂ ಡಬ್ಬಿಯ ತಳಕ್ಕೆ ಇಳಿಯುತ್ತದೆ. ಚೆನ್ನಾಗಿ ಕಲಕಬೇಕು, ಸೋಸಬೇಕು, ಸ್ಪ್ರೇ ಗನ್ನಿನ ಕಪ್ಪಿಗೆ ಹಾಕಿದ ಮೇಲೂ ಆಗಾಗ ಅಲ್ಲಾಡಿಸಬೇಕು. ಮೂರು ಕ್ರಾಸ್ ಕೋಟ್ ಹೊಡೆದೆ. ಒಂದು ಕ್ರಾಸ್ ಕೋಟ್ ಅಂದರೆ ಒಂದು ಸಲ ಅಡ್ಡಕ್ಕೆ, ಒಂದು ಸಲ ಉದ್ದಕ್ಕೆ. ಎರಡನೆಯದು ಒಣಗಿದ ಮೇಲೆ 400 ನಂಬರಿನ ಉಜ್ಜು ಕಾಗದದಿಂದ ನೀರು ಹಾಕಿ ಉಜ್ಜಿದೆ. ಗುಲಾಬಿಯನ್ನು ಉಜ್ಜುವಂತಿಲ್ಲ, ಅದು ರಬ್ಬರಿನ ಹಾಗೆ ಉಂಡೆ ಕಟ್ಟುತ್ತದೆ. ಬೆಳ್ಳಿಯನ್ನು ಉಜ್ಜಬಹುದು. ಆದರೆ ರಿಬ್ಬಿನ ಗಂಟುಗಳ ಮೇಲೆ, ಅಂಚುಗಳ ಮೇಲೆ ಕೈ ತಡೆಯಬೇಕು. ಅಲ್ಲಿ ಎರಡು ಸಲ ಜಾಸ್ತಿ ಉಜ್ಜಿದರೆ ನೇರ ಬಟ್ಟೆಗೇ ಹೋಗುತ್ತದೆ.

ಜೂನ್ 25–28

ಬೆಳ್ಳಿ ಬೆಳಕನ್ನು ಪೂರ್ತಿ ತಡೆಯುತ್ತಿದೆಯೇ ಅಂತ ನೋಡಲು ರಾತ್ರಿ ಹತ್ತಕ್ಕೆ ಗ್ಯಾರೇಜಿನ ದೀಪ ಆರಿಸಿ, ನೋಡುವ ತೂತಿನಿಂದ ರೆಕ್ಕೆಯೊಳಗೆ ಎಲ್‌ಇಡಿ ದೀಪ ಇಳಿಸಿದೆ. ಮಧ್ಯದಲ್ಲೆಲ್ಲ ಕಗ್ಗತ್ತಲು. ತುದಿಯ ಹತ್ತಿರ, ಬೆಂಡಾಗುವ ಕಡೆ, ಅಂಗೈಯಗಲ ಎರಡು ಜಾಗದಲ್ಲಿ ಮಂಕಾಗಿ ಬೆಳಕು ಬಂತು. ಹೊರಗಿಂದ ನೋಡಿದರೆ ಅಲ್ಲೂ ಅದೇ ಬೆಳ್ಳಿ. ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ.

ಬಾಗಿದ ಮೈಯಲ್ಲಿ ಗನ್ ದೂರ ಹೋಗಿದೆ, ಲೇಪ ತೆಳುವಾಗಿದೆ. ಎಷ್ಟು ಸಲ ಹೊಡೆದೆ ಅಂತ ಎಣಿಸಿದ್ದೆ, ಎಷ್ಟು ಬಿತ್ತು ಅಂತ ನೋಡಿರಲಿಲ್ಲ. ಮಾರನೇ ದಿನ ಅಲ್ಲಿಗೆ ಇನ್ನೊಂದು ಕೋಟ್. ಎರಡು ರಾತ್ರಿ ಬಿಟ್ಟು ಮತ್ತೆ ದೀಪ ಇಟ್ಟೆ. ಕತ್ತಲು. ಮಗಳನ್ನು ಎಬ್ಬಿಸಿ ಕರೆದು ತೋರಿಸಿದೆ. ಏನೂ ಕಾಣದಿರುವುದನ್ನು ನೋಡಲು ನಿದ್ದೆಗಣ್ಣಲ್ಲಿ ಎದ್ದು ಬಂದಳು ಪಾಪ.

ಜುಲೈ 13

ತೂಕ. ಪೀಟನ್‌ಪೋಲ್‌ಗೆ, ಅದರಲ್ಲೂ ಎ-65ರಂಥ ಹಗುರ ಎಂಜಿನ್ ಇದ್ದರೆ, ಬಾಲ ಭಾರವಾಗುವ ಕಾಯಿಲೆ ಇದೆ. ಅದಕ್ಕೇ ಎಷ್ಟೋ ಜನ ರೆಕ್ಕೆಯನ್ನು ಮೂರ್ನಾಲ್ಕು ಇಂಚು ಹಿಂದಕ್ಕೆ ವಾಲಿಸಿ ಕೂರಿಸುತ್ತಾರೆ. ನಾನೂ ಹಾಗೇ ಮಾಡಿದ್ದೇನೆ. ಬಾಲ ದೂರದಲ್ಲಿದೆ, ಎಂಜಿನ್ ಹತ್ತಿರದಲ್ಲಿದೆ. ನನ್ನ ಲೆಕ್ಕದಲ್ಲಿ ಬಾಲದ ಒಂದು ಕೆಜಿಯನ್ನು ಸರಿದೂಗಿಸಲು ಮೂಗಿನಲ್ಲಿ ಎರಡೂವರೆ ಕೆಜಿ ಬೇಕು.

ಬಾಲದಲ್ಲಿ ಎಡಬಲಕ್ಕೆ ತಿರುಗುವ ಹಲಗೆ, ಅಂದರೆ ರಡ್ಡರನ್ನು, ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಾ ಬಂದಿದ್ದೇನೆ. ಬರೀ ಚೌಕಟ್ಟಿಗೆ ಹೋಲಿಸಿದರೆ ಬೆಳ್ಳಿ ಮುಗಿಯುವ ಹೊತ್ತಿಗೆ 290 ಗ್ರಾಂ ಏರಿತ್ತು. ಬಣ್ಣಕ್ಕೆ ಇನ್ನು 100 ಗ್ರಾಂ ಮೇಲೆ ಕೊಡುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಕನ್ನಡಿಯಂಥ ಹೊಳಪು ಬೇಕು ಅಂದರೆ ಒಂದರ ಮೇಲೊಂದು ಕೋಟ್ ಹೊಡೆಯಬೇಕು, ಉಜ್ಜಬೇಕು, ಮತ್ತೆ ಹೊಡೆಯಬೇಕು. ಆ ಹೊಳಪು ಹಾರುವಾಗ ಹೊತ್ತುಕೊಂಡು ಹೋಗುವ ತೂಕ. ರಡ್ಡರ್, ಮೇಲೆ ಕೆಳಗೆ ಆಡುವ ಎಲಿವೇಟರ್‌ಗಳ ಹಿಂದಿನ ಅಂಚಿಗಂತೂ ಬಣ್ಣ ದಪ್ಪವಾಗಲೇಬಾರದು. ಕೀಲಿನ ಹಿಂದೆ ಭಾರ ಜಾಸ್ತಿಯಾದಷ್ಟೂ ಅದು ಗಾಳಿಯಲ್ಲಿ ಅದುರಲು ಶುರುಮಾಡುವ ಅಪಾಯ ಹೆಚ್ಚು.

ಹೊಳಪಿನ ಪಾಲಿಯುರಿಥೇನ್ ಬೇಡ ಎನ್ನುವುದಕ್ಕೆ ಇನ್ನೂ ಎರಡು ಕಾರಣ. ಅದರಲ್ಲಿ ಐಸೊಸೈನೇಟ್ ಇದೆ, ಇದ್ದಿಲು ಮಾಸ್ಕನ್ನು ನಂಬುವಂತಿಲ್ಲ, ಪೈಪಿನಲ್ಲಿ ಹೊರಗಿನ ಗಾಳಿ ತಂದುಕೊಂಡು ಉಸಿರಾಡಬೇಕು. ಎರಡನೆಯದು ರಿಪೇರಿ. ಪಾಲಿ-ಫೈಬರ್ ಪದ್ಧತಿಯದೇ ಬಣ್ಣವಾದ ಪಾಲಿ-ಟೋನ್ ಆದರೆ ದ್ರಾವಕ ಒರೆಸಿದರೆ ಕರಗಿ ಪದರ ಪದರವಾಗಿ ಬಿಟ್ಟುಕೊಡುತ್ತದೆ, ತೇಪೆ ಹಾಕಿ ಮತ್ತೆ ಹೊಡೆದರೆ ಒಂದಾಗುತ್ತದೆ. ಹುಲ್ಲಿನ ರನ್‌ವೇಯಿಂದ ಹಾರುವ ವಿಮಾನಕ್ಕೆ ಇದು ದೊಡ್ಡ ಅನುಕೂಲ.

ಜುಲೈ 20

ವಿಸ್ಕಾನ್ಸಿನ್ನಿನ ಬ್ರಾಡ್‌ಹೆಡ್‌ನಲ್ಲಿ ಪ್ರತಿ ವರ್ಷ ಆಷ್ಕಾಷ್‌ನ ದೊಡ್ಡ ವಿಮಾನ ಮೇಳಕ್ಕೆ ಮುಂಚೆ ಪೀಟನ್‌ಪೋಲ್‌ನವರೆಲ್ಲ ಸೇರುತ್ತಾರೆ. ಹೋಗಿಬಂದೆವು. ಒಂದರಂತೆ ಇನ್ನೊಂದಿಲ್ಲ. ಒಬ್ಬರು ಮನೆ ಗೋಡೆಗೆ ಬಳಿಯುವ ಲೇಟೆಕ್ಸ್ ಪೇಂಟನ್ನೇ ರೋಲರಿನಲ್ಲಿ ಹಚ್ಚಿದ್ದರು, ಚೆನ್ನಾಗಿಯೇ ನಿಂತಿತ್ತು. ನನಗೆ ಒಂದು ಪದ್ಧತಿ ಹಿಡಿದರೆ ಮೊದಲಿಂದ ಕೊನೆಯವರೆಗೆ ಅದೇ ಇರಲಿ ಅನ್ನಿಸುತ್ತದೆ.

ಅಲ್ಲಿ ಹುಲ್ಲಿನ ಮೇಲೆ ನಿಂತಾಗ ಜಕ್ಕೂರು ನೆನಪಾಯಿತು. ಏಳೆಂಟು ವರ್ಷದವನಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು. ಫ್ಲೈಯಿಂಗ್ ಸ್ಕೂಲಿನ ಪುಷ್ಪಕ್ ವಿಮಾನ ನಿಂತಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಮಾಡಿದ್ದು, ಮೊದಲು ಹಾರಿದ್ದು 1958ರಲ್ಲಿ. ಅಲ್ಲಿದ್ದವರೊಬ್ಬರು ಎತ್ತಿ ಹಿಡಿದು ರೆಕ್ಕೆ ಮುಟ್ಟಿಸಿದರು. ತಗಡು ಅಂದುಕೊಂಡು ಮುಟ್ಟಿದೆ. ಬೆರಳಿನಡಿ ಬಟ್ಟೆ! ನಾನು ಈ ಕೆಲಸಕ್ಕೆ ಬಿದ್ದದ್ದು ಅಲ್ಲಿಂದಲೇ ಇರಬೇಕು. ಪುಷ್ಪಕ್‌ನದ್ದೂ ಕಾಂಟಿನೆಂಟಲ್ ಎಂಜಿನ್ನೇ, 90 ಕುದುರೆಯದ್ದು.

ಜುಲೈ 27

ಇವತ್ತು ಕೆಟ್ಟ ದಿನ. ಹಳದಿಯ ಕೆಳಗೆ ಬಿಳಿ ಹೊಡೆಯಬೇಕು. ನೇರ ಬೆಳ್ಳಿಯ ಮೇಲೆ ಹಳದಿ ಹೊಡೆದರೆ ಎಷ್ಟು ಕೋಟ್ ಹೊಡೆದರೂ ಮಂಕು ಹಸಿರು ಛಾಯೆ ಹೋಗುವುದಿಲ್ಲ, ತೂಕ ಮಾತ್ರ ಏರುತ್ತದೆ. ಸರಿ, ಬಿಳಿ ಚೆನ್ನಾಗಿ ಬಂತು. ಮಧ್ಯಾಹ್ನ ಮಳೆ ಬಂದು ನಿಂತಿತು. ಸೆಕೆ, ಮೈಗಂಟುವ ತೇವ. ಸಂಜೆಯೊಳಗೆ ಬಾಲದಲ್ಲಿ ನೆಟ್ಟಗೆ ನಿಲ್ಲುವ ಫಿನ್ ಒಂದನ್ನು ಮುಗಿಸಿಬಿಡೋಣ ಅಂತ ಹಳದಿ ತುಂಬಿಕೊಂಡೆ.

ಹತ್ತು ನಿಮಿಷದಲ್ಲಿ ಹಳದಿಯ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳುಪು ಎದ್ದಿತು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿಯವರು ಇದಕ್ಕೆ ಬ್ಲಷ್ ಎನ್ನುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಸರ ಮಾಡಿದೆ. ಅದೇ ಬೇಜಾರು.

"ರೀ, ಇವತ್ತಿಗೆ ಸಾಕು ಬನ್ನಿ, ಅದೆಲ್ಲೂ ಓಡಿಹೋಗಲ್ಲ" ಅಂತ ಹೆಂಡತಿ ಬಂದು ಕರೆದಳು. ಗನ್ ತೊಳೆದಿಟ್ಟು ಹೋದೆ.

ಆಗಸ್ಟ್ 3

ಒಣ ಗಾಳಿ, ಬೆಳಗ್ಗೆ ಒಂಬತ್ತು. ನಿಧಾನ ಆರುವಂತೆ ರಿಟಾರ್ಡರ್ ಬೆರೆಸಿ ಫಿನ್ನಿನ ಮೇಲೆ ತೆಳ್ಳಗೆ ಒಂದು ಕೋಟ್ ಹೊಡೆದೆ. ಕೆಳಗಿನದು ಕರಗಿ, ಸಿಕ್ಕಿಕೊಂಡಿದ್ದ ತೇವ ಹೋಗಿ, ಬಿಳುಪು ಕಣ್ಣೆದುರೇ ಮಾಯವಾಯಿತು. ಉಜ್ಜುವ ಕೆಲಸವೂ ಬರಲಿಲ್ಲ. ಈಗ ಗೋಡೆಗೆ ತೇವ ತೋರಿಸುವ ಮೀಟರ್ ತೂಗುಹಾಕಿದ್ದೇನೆ.

ರಡ್ಡರ್ ತೂಗಿದೆ. ಬಿಳಿ, ಹಳದಿ ಸೇರಿ 92 ಗ್ರಾಂ. ಹತ್ತಿರದಿಂದ ನೋಡಿದರೆ ಬಟ್ಟೆಯ ನೇಯ್ಗೆ ಇನ್ನೂ ಸ್ವಲ್ಪ ಕಾಣುತ್ತದೆ. ಕಾಣಲಿ. ಬಟ್ಟೆಯ ವಿಮಾನ ಬಟ್ಟೆಯ ಹಾಗೆ ಕಂಡರೆ ನನಗೆ ಇಷ್ಟ.

ಆಗಸ್ಟ್ 17

ಬಾಲ ಪೂರ್ತಿ ಆಯಿತು. ಎಡ ರೆಕ್ಕೆ ಹಳದಿ, ಬಲ ರೆಕ್ಕೆ ಇನ್ನೂ ಬಿಳಿಯಲ್ಲಿದೆ. ಮೈಗೆ ಕಡು ನೀಲಿ. ವಿಮಾನದ ನೋಂದಣಿ ಸಂಖ್ಯೆಯಾದ ಎನ್ ನಂಬರನ್ನು 3 ಇಂಚಿನ ಅಕ್ಷರದಲ್ಲಿ ಬರೆದರೆ ಸಾಕು, ಮನೆಯಲ್ಲಿ ಕಟ್ಟಿದ, ನಮ್ಮದರಂಥ ನಿಧಾನದ ವಿಮಾನಗಳಿಗೆ ಅಷ್ಟೇ ನಿಯಮ. ಮಗಳು ಸ್ಟೆನ್ಸಿಲ್ ಕತ್ತರಿಸುತ್ತಿದ್ದಾಳೆ. ಸೀಟಿನ ಪಕ್ಕ "ಎಕ್ಸ್‌ಪೆರಿಮೆಂಟಲ್" ಎಂದು ಬರೆಯುವುದೂ ಅವಳದೇ ಕೆಲಸ.

ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ರಡ್ಡರ್ ತೋರಿಸಿದೆ. "ಅರಿಶಿನದ ಬಣ್ಣ, ಚೆನ್ನಾಗಿದೆ ಕಣೋ" ಅಂದರು. ಎಡ ರೆಕ್ಕೆಯನ್ನು ಬೆರಳಲ್ಲಿ ತಟ್ಟಿ ಕೇಳಿಸಿದೆ. ಇನ್ನೊಂದು ಸಲ ತಟ್ಟು ಅಂದರು.

ಶನಿವಾರ ಒಣ ಹವೆ ಅಂತ ಹೇಳಿದ್ದಾರೆ. ಬಲ ರೆಕ್ಕೆಗೆ ಹಳದಿ ಅವತ್ತೇ. ಅದಕ್ಕೆ ಮುಂಚೆ ಶುಕ್ರವಾರ ರಾತ್ರಿ ತುದಿಯ ಹತ್ತಿರ ಇನ್ನೊಂದು ಸಲ ದೀಪ ಇಟ್ಟು ನೋಡಬೇಕು.