ನನ್ನ ಹಲ್ಲಿಗೆ ಸಿಮೆಂಟ್, ಅಕ್ಕನ ಹಲ್ಲಿಗೆ ಕ್ಯಾಪ್

ಮಂಡಕ್ಕಿ ಮಿರ್ಚಿ ತಿನ್ನುವಾಗ ದವಡೆ ಹಲ್ಲಿನ ಒಂದು ಮೂಲೆ ಮುರಿಯಿತು. ಮಂಡಕ್ಕಿಯಲ್ಲಿ ಸಣ್ಣ ಕಲ್ಲು ಇತ್ತೋ ಏನೋ. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡೋಕಂತೂ ಆಗಲ್ಲ, ಅಲ್ವಾ? ಆ ಹಲ್ಲಿಗೆ ಹಳೇ ಬೆಳ್ಳಿ ಬಣ್ಣದ ಸಿಮೆಂಟ್ ಇತ್ತು, ಅದರ ಪಕ್ಕದ ಭಾಗವೇ ಹೋಗಿತ್ತು. ನೋವಿರಲಿಲ್ಲ. ತಣ್ಣೀರು ಕುಡಿದರೆ ಮಾತ್ರ ಜುಮ್ ಅನ್ನುತ್ತಿತ್ತು.

ಮೊದಲು ಹೋಗಿದ್ದು ಮನೆ ಹತ್ತಿರದ ಕ್ಲಿನಿಕ್ಕಿಗೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದವರೇ, "ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿಬಿಡೋಣ ಸರ್, ಪರ್ಮನೆಂಟ್ ಆಗಿರುತ್ತೆ" ಅಂದರು. ಎಕ್ಸ್‌ರೇ ಇಲ್ಲ, ಏನಿಲ್ಲ. ನೋವೇ ಇಲ್ಲದ ಹಲ್ಲಿನ ನರ ಯಾಕೆ ತೆಗೀಬೇಕು ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಆಮೇಲೆ ಬರ್ತೀನಿ ಅಂತ ಎದ್ದು ಬಂದೆ.

ನಮ್ಮೂರಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಎರಡೂ ಬಾಪೂಜಿ ವಿದ್ಯಾಸಂಸ್ಥೆಯವು. ಅದರಲ್ಲೊಂದಕ್ಕೆ ಹೋದೆ. ಕಾಯಬೇಕು ನಿಜ, ಆದರೆ ಅಲ್ಲಿ ಪಿ.ಜಿ. ಓದುವವರು ನೋಡಿದ್ದನ್ನು ಹಿರಿಯ ಡಾಕ್ಟರ್ ಇನ್ನೊಮ್ಮೆ ನೋಡುತ್ತಾರೆ. ನನ್ನನ್ನು ನೋಡಿದ ಹುಡುಗಿ ಎಕ್ಸ್‌ರೇ ತೆಗೆಸಿ, ಹಲ್ಲಿಗೆ ಐಸಿನ ಹಾಗೆ ತಣ್ಣಗಿದ್ದ ಹತ್ತಿ ಮುಟ್ಟಿಸಿದಳು. ಜುಮ್ ಅಂದಿದ್ದು ಒಂದೆರಡು ಕ್ಷಣದಲ್ಲೇ ಇಳಿಯಿತು. ಅಂದರೆ ನರ ಚೆನ್ನಾಗಿದೆ, ಹುಳುಕು ಅಲ್ಲಿವರೆಗೆ ಮುಟ್ಟಿಲ್ಲ, ರೂಟ್ ಕೆನಾಲ್ ಬೇಡ.

ಹಾಗಾದರೆ ಕ್ಯಾಪ್? ಕ್ಯಾಪ್ ಕೂರಬೇಕಾದರೆ ಅದರ ದಪ್ಪಕ್ಕೆ ಜಾಗ ಬೇಕು, ಅದಕ್ಕೆ ಹಲ್ಲನ್ನು ಸುತ್ತಲೂ ಮೇಲೂ ಹೆಚ್ಚುಕಡಿಮೆ 1ರಿಂದ 2 ಮಿಲಿಮೀಟರ್ ಅರೆಯಬೇಕು, ಚೆನ್ನಾಗಿರೋ ಭಾಗವನ್ನೂ ಸೇರಿಸಿ. ನನ್ನ ಹಲ್ಲಲ್ಲಿ ಹೋಗಿದ್ದು ಒಂದೇ ಮೂಲೆ, ಮಿಕ್ಕ ಗೋಡೆಗಳು ದಪ್ಪಗೆ ನಿಂತಿದ್ದವು. ಹಿರಿಯ ಡಾಕ್ಟರ್ ಬಂದು ನೋಡಿ, "ಇಷ್ಟು ಹಲ್ಲು ಇಟ್ಕೊಂಡು ಕ್ಯಾಪ್ ಯಾಕ್ರೀ? ಕಾಂಪೋಸಿಟ್ ಹಾಕಮ್ಮ" ಅಂದರು. ಕಾಂಪೋಸಿಟ್ ಅಂದರೆ ಹಲ್ಲಿನ ಬಣ್ಣದ ಸಿಮೆಂಟ್ ಅಂತ ನಾವು ಹೇಳ್ತೀವಲ್ಲ, ಅದೇ. ನಿಜಕ್ಕೂ ಅದು ಸಿಮೆಂಟಲ್ಲ, ಗಾಜಿನ ನುಣುಪು ಪುಡಿ ಬೆರೆಸಿದ ರೆಸಿನ್.

ಮಾಡುವಾಗ ಪುರುಸೊತ್ತು ಬೇಕು. ಎಂಜಲು ತಾಗಿದರೆ ಅಂಟು ಹಿಡಿಯಲ್ಲ ಅಂತ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಹುಳುಕು ತೆಗೆದ ಮೇಲೆ, ಅಂಟು ಹಿಡಿಯಲಿ ಅಂತ ಹಲ್ಲಿನ ಮೇಲ್ಮೈ ತರಿ ಮಾಡುವ ಆಸಿಡ್ ಜೆಲ್ ಹಚ್ಚುವ ಮೊದಲು ಆ ಹುಡುಗಿ ಕೇಳಿದ್ದು, "ಚಿಕ್ಕವರಿದ್ದಾಗ ಯಾವ ಊರಲ್ಲಿದ್ರಿ ಸರ್?" ಜಗಳೂರು ಕಡೆ ಹಳ್ಳಿ ಅಂದೆ. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ನಮ್ಮ ಓರಗೆಯವರ ಹಲ್ಲಲ್ಲಿ ಕಂದು ಕಲೆ ಸಾಮಾನ್ಯ. ಅಂಥ ಹಲ್ಲಿನ ಮೇಲ್ಪದರಕ್ಕೆ ಆಸಿಡ್ ಬೇಗ ಹತ್ತಲ್ಲವಂತೆ. ನನಗೆ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟರು. ಆಮೇಲೆ ತೊಳೆದು, ಅಂಟು ಹಚ್ಚಿ, ರೆಸಿನ್ನನ್ನು ಒಂದೇ ಸಲ ತುಂಬದೆ 2 ಮಿಲಿಮೀಟರಿನ ಪದರ ಪದರವಾಗಿ ಇಟ್ಟು, ಪ್ರತಿ ಪದರಕ್ಕೂ ನೀಲಿ ಲೈಟ್ ಹಿಡಿದು ಗಟ್ಟಿ ಮಾಡಿದರು, ಯಾಕಂದ್ರೆ ಅದು ಗಟ್ಟಿಯಾಗುವಾಗ ಕುಗ್ಗುತ್ತೆ, ದಪ್ಪಗೆ ತುಂಬಿದರೆ ಒಳಗೆ ಲೈಟೂ ಮುಟ್ಟಲ್ಲ, ಅಂಚಿನಲ್ಲಿ ಬಿರುಕೂ ಬೀಳಬಹುದು. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ ಎತ್ತರ ಸರಿ ಮಾಡಿದರು.

ಇದನ್ನು ಕೇಳಿ ಚಿತ್ರದುರ್ಗದಿಂದ ಅಕ್ಕ ಬಂದಳು. "ನನಗೂ ಅದೇ ಹಾಕಿಸೋ, ಕ್ಯಾಪಿಗೆ ಯಾರು ಅಷ್ಟು ದುಡ್ಡು ಕೊಡ್ತಾರೆ?" ಅವಳ ಕಥೆ ಬೇರೆ. ದವಡೆ ಹಲ್ಲಿಗೆ ಆಗಲೇ ರೂಟ್ ಕೆನಾಲ್ ಆಗಿತ್ತು, ಎರಡು ಕಡೆ ಗೋಡೆ ಇಲ್ಲ, ಉಳಿದಿದ್ದೂ ತೆಳು. ಅಂಥ ಹಲ್ಲಿಗೆ ಬರೀ ರೆಸಿನ್ ತುಂಬಿದರೆ ಜಗಿಯುವ ಒತ್ತಡಕ್ಕೆ ಬುಡದವರೆಗೂ ಸೀಳಬಹುದು, ಹಾಗೆ ಸೀಳಿದರೆ ಕೀಳೋದೇ ಗತಿ ಅಂತ ಅದೇ ಡಾಕ್ಟರ್ ಹೇಳಿದರು. ಕ್ಯಾಪ್ ಸುತ್ತಲೂ ಬಿಗಿ ಹಿಡಿದಿರುತ್ತೆ. ಅದಕ್ಕೂ ಒಸಡಿನ ಮೇಲೆ ಸುತ್ತ 2 ಮಿಲಿಮೀಟರಿನಷ್ಟಾದರೂ ಗಟ್ಟಿ ಹಲ್ಲು ಇದ್ದರೆ ಒಳ್ಳೇದು, ಅಕ್ಕನಿಗೆ ಅಷ್ಟಿತ್ತು. ತಮಾಷೆ ಅಂದ್ರೆ ಮೊದಲು ಒಳಗೆ ರೆಸಿನ್ನೇ ತುಂಬಿ ದಿಂಡು ಕಟ್ಟಿದರು, ಅದರ ಮೇಲೆ ಅಳತೆ ತಗೊಂಡರು. "ನೋಡು, ನನಗೆ ಎರಡೂ ಹಾಕಿದ್ರು" ಅಂತ ಅವಳ ಗೊಣಗಾಟ.

ಕ್ಯಾಪ್ ಮೆಟಲ್ ಮೇಲೆ ಪಿಂಗಾಣಿ ಇರೋದಾ, ಇಲ್ಲ ಜಿರ್ಕೋನಿಯಾ ಅನ್ನೋ ಬಿಳಿ ಗಟ್ಟಿ ವಸ್ತುವಿನದಾ ಅನ್ನೋ ಚರ್ಚೆಗೇ ಒಂದು ಸಂಜೆ ಹೋಯಿತು. ಪಿಂಗಾಣಿ ಚಕ್ಕೆ ಏಳಬಹುದು ಅಂತ ಭಾವ ಜಿರ್ಕೋನಿಯಾ ಅಂದರು, ದುಡ್ಡು ಕೊಡೋರು ಅವರೇ, ಮುಗೀತು.

ನನ್ನದು ಸವೆಯಬಹುದು, ಟೀ ಕಲೆ ಹಿಡಿಯಬಹುದು, ಮೂಲೆ ಚಕ್ಕೆ ಏಳಬಹುದು. ಎದ್ದರೆ ಅಷ್ಟು ಭಾಗ ಮಾತ್ರ ಮತ್ತೆ ತುಂಬಬಹುದಂತೆ. ಮುಂದೆ ಗೋಡೆ ಹೋದರೆ ಆಗ ಕ್ಯಾಪ್ ಹಾಕಿಸ್ತೀನಿ. ಸದ್ಯಕ್ಕೆ ಅಕ್ಕನ ಕ್ಯಾಪಿನ ಅಂಚಿಗೂ ನನ್ನ ರೆಸಿನ್ ಅಂಚಿಗೂ ಹುಳುಕು ಸೇರದ ಹಾಗೆ ರಾತ್ರಿ ಬ್ರಶ್, ಆಮೇಲೆ ಹಲ್ಲಿನ ಸಂದಿಗೆ ದಾರ. ಅಕ್ಕ ಆ ದಾರವನ್ನು ಇನ್ನೂ ಪ್ಯಾಕೆಟ್ಟಿನಿಂದ ತೆಗೆದಿಲ್ಲ.