ತೆಗೆಯುವ ಮುಂಚೆ ಅದು ಅಲ್ಲಿ ಯಾಕಿದೆ ಅಂತ ನೋಡಿ: ಹಳೆಯ ಕ್ಯಾಂಪರ್ ವ್ಯಾನ್ ಕೆಲಸದಿಂದ ಕಲಿತದ್ದು

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಹಳೆಯ ಕ್ಯಾಂಪರ್ ವ್ಯಾನ್‌ಗಳನ್ನು ರಿಪೇರಿ ಮಾಡಿ, ಇಂದಿನ ಓಡಾಟಕ್ಕೆ ತಕ್ಕಂತೆ ಸಜ್ಜು ಮಾಡುವುದು ನನ್ನ ಕೆಲಸ. ನಮ್ಮ ವರ್ಕ್‌ಶಾಪ್‌ಗೆ ಹೆಚ್ಚಾಗಿ ಬರುವುದು ಫೋಕ್ಸ್‌ವ್ಯಾಗನ್‌ನ ಹಳೆಯ ವ್ಯಾನ್‌ಗಳು. 1950ರಲ್ಲಿ ಶುರುವಾದ, ಮುಂದಿನ ಗಾಜು ಎರಡು ತುಂಡಾಗಿರುವ ಟಿ1. ಆಮೇಲೆ 1967ರಲ್ಲಿ ಬಂದ, ಒಂದೇ ದೊಡ್ಡ ಗಾಜಿನ ಟಿ2. ಮಾಲೀಕರು ಬಂದ ಕೂಡಲೇ ಒಳಗಿನ ಸೌಕರ್ಯದ ಬಗ್ಗೆ ಕೇಳುತ್ತಾರೆ. ಹಾಸಿಗೆ, ಫ್ರಿಜ್, ಸೋಲಾರ್, ಲಿಥಿಯಂ ಬ್ಯಾಟರಿ. ಆ ಆಸೆ ತಪ್ಪಲ್ಲ. ಆದರೆ ಹಳೆಯ ವ್ಯಾನಿನಲ್ಲಿ ಏನನ್ನಾದರೂ ತೆಗೆಯುವ, ಮುಚ್ಚುವ, ಬದಲಿಸುವ ಮುಂಚೆ ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಗೊತ್ತಿರಬೇಕು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ.

ಎಂಜಿನ್ ಸುತ್ತ ಇರುವ ಒಂದು ರಬ್ಬರ್ ಪಟ್ಟಿಯನ್ನೇ ನೋಡಿ. ಈ ವ್ಯಾನ್‌ಗಳಲ್ಲಿ ಎಂಜಿನ್ ಹಿಂದೆ ಇರುತ್ತದೆ. ತಣ್ಣಗಾಗುವುದು ಗಾಳಿಯಿಂದ. ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಯಾನ್ ಎಂಜಿನ್ ಕೋಣೆಯ ತಂಪು ಗಾಳಿಯನ್ನು ಎಳೆದು ಸಿಲಿಂಡರ್‌ಗಳ ಮೇಲೆ ಊದುತ್ತದೆ. ಬಿಸಿಯಾದ ಗಾಳಿ ಕೆಳಗಿನಿಂದ ಹೊರಗೆ ಹೋಗುತ್ತದೆ. ಮೇಲಿನ ತಂಪು, ಕೆಳಗಿನ ಬಿಸಿ ಬೆರೆಯದ ಹಾಗೆ ತಡೆಯುವುದು ಎಂಜಿನ್ ಮೇಲಿನ ತಗಡುಗಳು ಮತ್ತು ಆ ರಬ್ಬರ್ ಪಟ್ಟಿ. ಎಂಜಿನ್ ಇಳಿಸಿ ಏರಿಸುವಾಗ ಅದನ್ನು ಸರಿಯಾಗಿ ಕೂರಿಸುವುದು ರಗಳೆ. ಅದಕ್ಕೇ ಎಷ್ಟೋ ಕಡೆ ಕಿತ್ತು ಬಿಸಾಡಿರುತ್ತಾರೆ. ಆಗ ಫ್ಯಾನ್ ತಾನು ಹೊರಗೆ ತಳ್ಳಿದ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಮಾಲೀಕರು ದೊಡ್ಡ ಆಯಿಲ್ ಕೂಲರ್ (ಎಂಜಿನ್ ಆಯಿಲ್ ತಣ್ಣಗಾಗಿಸುವ ಭಾಗ) ಹಾಕಿಕೊಡಿ ಅಂತ ಬರುತ್ತಾರೆ. ನಾವು ಮೊದಲು ರಬ್ಬರ್ ಮತ್ತು ತಗಡು ಪೂರ್ತಿ ಇವೆಯಾ ಅಂತ ನೋಡುತ್ತೇವೆ. ಬಹಳ ಸಲ ಕೂಲರ್‌ನ ಮಾತೇ ಮತ್ತೆ ಬರುವುದಿಲ್ಲ.

ಅದೇ ಕೋಣೆಯಲ್ಲಿ ಪೆಟ್ರೋಲ್ ಹೋಸ್‌ಗಳೂ ಇವೆ. ಇಲ್ಲಿ ನಾನು ಯಾರ ಹತ್ತಿರವೂ ಚೌಕಾಸಿ ಮಾಡುವುದಿಲ್ಲ. ಹಳೆಯ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿ ಕಾಣುತ್ತಿರುತ್ತದೆ, ಬಗ್ಗಿಸಿದರೆ ಬಿರುಕು. ಈಗಿನ ಪೆಟ್ರೋಲ್‌ನಲ್ಲಿ ಬೆರೆಸುವ ಎಥನಾಲ್ ಹಳೆಯ ರಬ್ಬರನ್ನು ಬೇಗ ಹಾಳು ಮಾಡುತ್ತದೆ. ಟ್ಯಾಂಕ್ ಅಲ್ಲೇ ಪಕ್ಕದಲ್ಲಿ. ಮೇಲಾಗಿ ಇವುಗಳಲ್ಲಿ ಹೆಚ್ಚಿನವುಗಳ ಎಂಜಿನ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಒಮ್ಮೆ ಹೊತ್ತಿಕೊಂಡರೆ ಆರಿಸುವುದು ತುಂಬಾ ಕಷ್ಟ. ವ್ಯಾನ್ ಯಾವ ಕೆಲಸಕ್ಕೇ ಬಂದಿರಲಿ, ಎಥನಾಲ್ ತಡೆಯುವ ಹೊಸ ಹೋಸ್ ಮತ್ತು ಕ್ಲಿಪ್ ಹಾಕಿಯೇ ಮುಂದಿನ ಕೆಲಸ.

ಇನ್ನು ತೂತುಗಳು. ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಕಿಟಕಿ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲ ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಆ ತೂತು. ತುಕ್ಕು ತಡೆಯುವ ಉತ್ಸಾಹದಲ್ಲಿ ದಪ್ಪ ಕೋಟಿಂಗ್ ಬಳಿದು ಅದನ್ನೇ ಮುಚ್ಚಿಬಿಟ್ಟರೆ, ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಗ್ಯಾಸ್ ಒಲೆ ಇರುವ ವ್ಯಾನಿನ ನೆಲದ ಕಿಂಡಿಯೂ ಹಾಗೆಯೇ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಚಳಿಗಾಳಿ ಬರುತ್ತದೆ ಅಂತ ಕಿಂಡಿಗೆ ಬಟ್ಟೆ ತುರುಕಿದ ವ್ಯಾನ್‌ಗಳನ್ನು ನೋಡಿದ್ದೇನೆ. ಜನ ಮಲಗುವ ಜಾಗ ಅದು. ಕಿಂಡಿ ತೆರೆದಿರಬೇಕು, ಒಲೆಯ ಉರಿಯಿಂದ ಹುಟ್ಟಬಹುದಾದ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಅಲಾರಂ ಬೇರೆ ಇರಬೇಕು.

ಬಾಡಿ ಕೆಲಸವೇ ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವುದು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಬರೀ ಅಂದಕ್ಕಿರುವ ಪಟ್ಟಿ ಅಲ್ಲ. ಹೊರಗಿನ ಶೀಟ್ ಹಿಂದೆ ಒಳಗಿನ ಶೀಟ್‌ಗಳಿವೆ. ಎಲ್ಲ ಸೇರಿ ಒಂದು ಪೆಟ್ಟಿಗೆಯ ಹಾಗೆ ವ್ಯಾನಿನ ಭಾರ ಹೊರುತ್ತವೆ. ಒಳಗಿನದು ತುಕ್ಕು ಹಿಡಿದು ಪುಡಿಯಾಗಿದ್ದರೂ ಮೇಲೆ ಹೊಸ ಶೀಟ್ ಬೆಸೆದು, ಪುಟ್ಟಿ ಎಳೆದು, ಪೇಂಟ್ ಹೊಡೆದರೆ ಫೋಟೋದಲ್ಲಿ ವ್ಯಾನ್ ಹೊಸದರಂತೆ ಕಾಣುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲ ದಿನ ಕೈಗೆ ಬರುವ ಸಾಮಾನುಗಳು ಟಾರ್ಚ್, ಅಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್. ಪುಟ್ಟಿ ದಪ್ಪ ಇರುವ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಸಿಲ್, ಜಾಕಿ ಕೊಡುವ ಜಾಗ, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಕೆಳಗಿನ ಅಂಚು, ಚಾವಣಿಯ ಮಳೆಕಾಲುವೆ. ಈ ಜಾಗಗಳನ್ನು ಒತ್ತಿ ನೋಡದೆ ನಾನು ಖರ್ಚಿನ ಅಂದಾಜು ಕೊಡುವುದಿಲ್ಲ.

ಕೊಳೆತ ಸಿಲ್ ಕೂಡ ಒಂದಿಷ್ಟು ಭಾರ ಹೊತ್ತುಕೊಂಡೇ ಇರುತ್ತದೆ. ಸುಮ್ನೆ ಗ್ರೈಂಡರ್ ಹಿಡಿದು ಕತ್ತರಿಸಿದರೆ ಬಾಡಿ ಕುಸಿಯುತ್ತದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಹೊಸದು ಬೆಸೆದು ಮುಗಿಸಿದ ಮೇಲೆ ಜಾರುವ ಬಾಗಿಲು ಮುಚ್ಚುವುದಿಲ್ಲ, ಅಷ್ಟೆ. ಹಾಗಾಗಿ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಬೆಸೆದು ಬಿಗಿ ಮಾಡುತ್ತೇವೆ. ಕೆಳಗೆ ಸಮನಾಗಿ ಆಸರೆ ಕೊಡುತ್ತೇವೆ. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟುವುದಿಲ್ಲ. ವೆಲ್ಡಿಂಗ್ ಮಧ್ಯೆ ಬಾಗಿಲು ಕೂರಿಸಿ ಸಂದು ನೋಡುತ್ತಲೇ ಇರಬೇಕು. ಶೀಟ್ ತೆಳ್ಳಗೆ, ಸುಮಾರು 1 ಮಿಮೀ. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಕಾದು ಸೊಟ್ಟಗಾಗುತ್ತದೆ. ಚುಕ್ಕಿ ಚುಕ್ಕಿಯಾಗಿ, ದೂರ ದೂರ ಇಟ್ಟು, ಆರಲು ಬಿಟ್ಟು ಬೆಸೆಯಬೇಕು. ಕೊನೆಗೆ ಪೆಟ್ಟಿಗೆಯೊಳಗೆ ಮೇಣ ಸಿಂಪಡಿಸಬೇಕು. ಈ ಮೇಣ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಬಾಡಿ ಕೆಲಸದಲ್ಲಿ ಹೆಚ್ಚು ಬೆಲೆ ಬಾಳುವುದು ಅದೇ.

ಎಂಜಿನ್ ಶಕ್ತಿ ಹೆಚ್ಚಿಸುವ ಬಗ್ಗೆ ನನ್ನ ನಿಲುವು ಚಿಕ್ಕದು. ಮೊದಲ ಟಿ1ಗಳಿಗೆ ಇದ್ದದ್ದು 25 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಆ ಬ್ರೇಕ್ ಆ ವೇಗಕ್ಕೆ ಮಾಡಿದ್ದು. ದೊಡ್ಡ ಎಂಜಿನ್ ಬೇಕಾದರೆ ಮೊದಲು ಮುಂದಿನ ಚಕ್ರಕ್ಕೆ ಡಿಸ್ಕ್ ಮತ್ತು ಎರಡು ಸರ್ಕ್ಯೂಟ್‌ನ ಮಾಸ್ಟರ್ ಸಿಲಿಂಡರ್ (ಒಂದು ಬ್ರೇಕ್ ಲೈನ್ ಕೈಕೊಟ್ಟರೂ ಇನ್ನೊಂದು ಹಿಡಿಯುವಂಥದ್ದು). ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಆ ಧೂಳನ್ನು ಗಾಳಿ ಹೊಡೆದು ಎಬ್ಬಿಸಲೇಬಾರದು.

ಕರೆಂಟಿನ ಕೆಲಸದಲ್ಲಿ ಜನ ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ, ವೈರಿಗೆ ಜಿಪುಣತನ ಮಾಡುತ್ತಾರೆ. ಒಂದು ಲೆಕ್ಕ ನೋಡಿ. ಫ್ರಿಜ್ 60 ವ್ಯಾಟ್, 12 ವೋಲ್ಟ್‌ನಲ್ಲಿ 5 ಆಂಪ್. ಬ್ಯಾಟರಿಯಿಂದ 5 ಮೀಟರ್ ದೂರ ಅಂದರೆ ಹೋಗಿ ಬರುವ ವೈರ್ 10 ಮೀಟರ್. 1 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 0.85 ವೋಲ್ಟ್ ಹೋಯಿತು. 4 ಸ್ಕ್ವೇರ್ ಎಂಎಂ ಆದರೆ ಸುಮಾರು 0.2. ಮನೆಯ 230 ವೋಲ್ಟ್‌ನಲ್ಲಿ ಇಷ್ಟು ಕಳೆದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಬ್ಯಾಟರಿ ತುಂಬಿದ್ದರೂ ಫ್ರಿಜ್ ತಾನಾಗಿ ಆಫ್ ಆಗಬಹುದು. ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪಕ್ಕ, ಫ್ರಿಜ್ ಪಕ್ಕ ಅಲ್ಲ. ಅದು ಕಾಯುವುದು ವೈರನ್ನು ಅಲ್ವಾ?

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಆಲ್ಟರ್ನೇಟರ್ ಕೂಡ ಸಣ್ಣ ಸೀಸದ ಬ್ಯಾಟರಿಗೆ ಅಂತ ಮಾಡಿದ್ದು. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ಎಳೆಯುವುದು ಕಡಿಮೆಯಾಗುತ್ತದೆ. ಲಿಥಿಯಂ ಹಾಗಲ್ಲ. ಹೆಚ್ಚು ಕಡಿಮೆ ತುಂಬುವವರೆಗೂ ಜೋರಾಗಿ ಎಳೆಯುತ್ತದೆ. ನೇರ ಜೋಡಿಸಿದರೆ ಆಲ್ಟರ್ನೇಟರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗಬಹುದು. ಮಧ್ಯೆ ಡಿಸಿ-ಡಿಸಿ ಚಾರ್ಜರ್ ಇಟ್ಟರೆ ಎಷ್ಟು ಎಳೆಯಬೇಕು ಅನ್ನುವುದು ನಮ್ಮ ಹಿಡಿತದಲ್ಲಿರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು. ಹಾಗಾಗಿ ಚಳಿಯಲ್ಲಿ ಓಡುವ ವ್ಯಾನಿನಲ್ಲಿ ಬ್ಯಾಟರಿಗೆ ಒಳಗೇ ಜಾಗ ಹುಡುಕುತ್ತೇವೆ.

ವ್ಯಾನ್ ಒಪ್ಪಿಸುವಾಗ ವೈರಿಂಗ್ ನಕ್ಷೆ, ಫ್ಯೂಸ್‌ಗಳ ಪಟ್ಟಿ ಮತ್ತು ಯಾವ ತೂತು ಮುಚ್ಚಬಾರದು ಅನ್ನುವ ಫೋಟೋಗಳನ್ನು ಜೊತೆಗೆ ಕೊಡುತ್ತೇವೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ತನ್ನಿ ಅಂತ ಹೇಳುತ್ತೇವೆ. ಬಂದಾಗ ಚಕ್ರದ ಬಿಗಿ, ಹೋಸ್ ಕ್ಲಿಪ್, ಬ್ರೇಕ್ ಆಯಿಲ್ ಸೋರಿಕೆ ಎಲ್ಲ ನೋಡುತ್ತೇವೆ. ವಾಲ್ವ್ ಸಂದನ್ನೂ (ವಾಲ್ವ್ ಮತ್ತು ಅದನ್ನು ತಳ್ಳುವ ಭಾಗದ ನಡುವಿನ ಅಂತರ) ಅಳೆಯುತ್ತೇವೆ. ಟಿ2ನ 1600 ಸಿಸಿ ಎಂಜಿನ್‌ಗೆ ಅದು ಸಾಮಾನ್ಯವಾಗಿ 0.15 ಮಿಮೀ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಅದಕ್ಕೇ ವ್ಯಾನನ್ನು ಹಿಂದಿನ ಸಂಜೆಯೇ ತಂದು ಬಿಡಲು ಕೇಳಿಕೊಳ್ಳುತ್ತೇವೆ.